ಹಾಲುಹಲ್ಲಿನ ನರ ತೆರೆದುಕೊಂಡಾಗ ಮೇಲೆ ಯಾವ ಔಷಧ ಇಡಿಸಬೇಕು?

ಹೋದ ತಿಂಗಳು ಹರಿಹರದಿಂದ ಒಬ್ಬ ತಾಯಿ ಐದು ವರ್ಷದ ಮಗನನ್ನು ಕರೆದುಕೊಂಡು ನಮ್ಮ ಕ್ಲಿನಿಕ್ಕಿಗೆ ಬಂದಿದ್ದರು. ಕೆಳಗಿನ ದವಡೆ ಹಲ್ಲಿನಲ್ಲಿ ಹುಳುಕು ಆಳಕ್ಕೆ ಇಳಿದಿತ್ತು. ಅವರ ಕೈಯಲ್ಲಿ ಬೇರೆ ಎರಡು ಕಡೆ ಬರೆಸಿಕೊಂಡ ಚೀಟಿಗಳಿದ್ದವು. ಒಂದರಲ್ಲಿ "ಎಂಟಿಎ ಪಲ್ಪೋಟಮಿ, ಸ್ಟೀಲ್ ಕ್ಯಾಪ್" ಎಂದಿತ್ತು. ಇನ್ನೊಂದರಲ್ಲಿ ಬರೀ "ಪಲ್ಪೋಟಮಿ, ಫಿಲ್ಲಿಂಗ್". (ಪಲ್ಪೋಟಮಿ ಅಂದರೆ ಹಲ್ಲಿನ ನರದ ಮೇಲಿನ ಕಾಯಿಲೆ ಭಾಗ ಮಾತ್ರ ತೆಗೆಯುವ ಚಿಕಿತ್ಸೆ, ಎಂಟಿಎ ಅಂದರೆ ಉಳಿದ ನರದ ಮೇಲೆ ಇಡುವ ಒಂದು ಸಿಮೆಂಟ್. ವಿವರ ಮುಂದೆ ಬರುತ್ತದೆ.) ದುಡ್ಡಿನಲ್ಲಿ ಅಜಗಜಾಂತರ. "ಡಾಕ್ಟ್ರೇ, ಎರಡೂ ಒಂದೇನಾ? ಜಾಸ್ತಿ ದುಡ್ಡು ಕೊಟ್ಟರೆ ಮಗುವಿಗೆ ಏನು ಜಾಸ್ತಿ ಸಿಗುತ್ತೆ?" ಅಂತ ಕೇಳಿದರು.

ನಾನು ದಾವಣಗೆರೆಯಲ್ಲಿ ಮಕ್ಕಳ ಹಲ್ಲಿನ ಡಾಕ್ಟರ್. ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ, ಕುರ್ಚಿಯಲ್ಲಿ ಮಗು ಅಳುತ್ತಾ ಕೂತಿರುವಾಗ ಅದಕ್ಕೆ ಪೂರ್ತಿ ಉತ್ತರ ಹೇಳುವುದಕ್ಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ಅಪ್ಪ ಅಮ್ಮಂದಿರಿಗೆ ಅಂತಲೇ ಬರೆದಿದ್ದು, ಆದರೆ ಈಗಷ್ಟೇ ಬಿಡಿಎಸ್ ಮುಗಿಸಿ ಕ್ಲಿನಿಕ್ ಇಟ್ಟವರೂ ಓದಿದರೆ ನನಗೆ ಸಂತೋಷ.

ಮೊದಲು ಒಂದು ಮಾತು. "ಹೇಗಿದ್ದರೂ ಬಿದ್ದುಹೋಗೋ ಹಲ್ಲು, ಕಿತ್ತುಬಿಡಿ" ಅಂತ ಅಜ್ಜಿ ತಾತಂದಿರು ಹೇಳುವುದು ಸಹಜ. ಮುಂದಿನ ಹಲ್ಲುಗಳ ವಿಷಯದಲ್ಲಿ ಅದು ಅರ್ಧ ಸರಿ, ಆರು ಏಳು ವರ್ಷಕ್ಕೆ ಅವು ಬೀಳುತ್ತವೆ. ಆದರೆ ಹಿಂದಿನ ದವಡೆ ಹಾಲುಹಲ್ಲುಗಳು ಹತ್ತು ಹನ್ನೊಂದು ವರ್ಷದ ತನಕ ಬಾಯಲ್ಲಿರಬೇಕು. ಐದು ವರ್ಷಕ್ಕೆ ಕಿತ್ತರೆ ಮಗು ಇನ್ನೂ ಐದಾರು ವರ್ಷ ಆ ಜಾಗದಲ್ಲಿ ಅಗಿಯುವ ಹಾಗಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಆರನೇ ವರ್ಷಕ್ಕೆ ಹಿಂದೆ ಬರುವ ಶಾಶ್ವತ ದವಡೆ ಹಲ್ಲು ಖಾಲಿ ಜಾಗ ನೋಡಿ ಮುಂದಕ್ಕೆ ಜರುಗಿಬಿಡುತ್ತದೆ. ಆಮೇಲೆ ಕೆಳಗಿನಿಂದ ಬರಬೇಕಾದ ಹೊಸ ಹಲ್ಲಿಗೆ ಜಾಗವೇ ಇರುವುದಿಲ್ಲ. (ಆರನೇ ವರ್ಷದ ಆ ಹಲ್ಲನ್ನೂ ಹಾಲುಹಲ್ಲು ಅಂದುಕೊಂಡು ಹುಳುಕು ಹಿಡಿಯೋಕೆ ಬಿಟ್ಟವರು ಎಷ್ಟೋ ಜನ. ದಯವಿಟ್ಟು ನೋಡಿಕೊಳ್ಳಿ, ಅದು ಜೀವಮಾನದ ಹಲ್ಲು.)

ಔಷಧದ ಮೊದಲು: ನರ ಜೀವಂತ ಇದೆಯಾ?

ಎಲ್ಲರೂ ನೇರ ಔಷಧದ ಹೆಸರಿಗೆ ಬರುತ್ತಾರೆ. ನಾನು ಅಲ್ಲಿಗೆ ಬರುವ ಮೊದಲು ಇದನ್ನು ಹೇಳಲೇಬೇಕು, ಯಾಕೆಂದರೆ ಇಲ್ಲಿ ತಪ್ಪಿದರೆ ಮೇಲೆ ಎಷ್ಟು ದುಬಾರಿ ಸಿಮೆಂಟ್ ಇಟ್ಟರೂ ಹಲ್ಲು ಉಳಿಯುವುದಿಲ್ಲ.

ಹಾಲುಹಲ್ಲಿನ ಮೇಲಿನ ಗಟ್ಟಿ ಪದರ ದೊಡ್ಡವರ ಹಲ್ಲಿನದಕ್ಕಿಂತ ಹೆಚ್ಚುಕಡಿಮೆ ಅರ್ಧದಷ್ಟು ತೆಳು. ಒಳಗೆ ನರ ಮತ್ತು ರಕ್ತನಾಳ ಇರುವ ಮೆತ್ತನೆಯ ಭಾಗ, ನಾವು ಪಲ್ಪ್ ಅನ್ನುತ್ತೇವೆ, ಅದು ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಅದರ ಕೊಂಬುಗಳು ಮೇಲಕ್ಕೆ ಚಾಚಿಕೊಂಡಿರುತ್ತವೆ, ಮುಂಭಾಗದ ಕೊಂಬು ಇನ್ನೂ ಹತ್ತಿರ. ಹಾಗಾಗಿ ಹೊರಗೆ ಸಣ್ಣ ಕಪ್ಪು ಗುಳಿ ಕಾಣುತ್ತಿದ್ದರೂ ಒಳಗೆ ನರ ಮುಟ್ಟಿರುತ್ತದೆ.

ಪಲ್ಪೋಟಮಿ ಅಂದರೆ ನರದ ಮೇಲಿನ ಕಾಯಿಲೆ ಭಾಗವನ್ನು ಮಾತ್ರ ತೆಗೆದು, ಬೇರುಗಳ ಒಳಗಿನ ಚೆನ್ನಾಗಿರುವ ನರವನ್ನು ಹಾಗೇ ಉಳಿಸಿಕೊಳ್ಳುವುದು. ಉಳಿದ ನರದ ಬಾಯಿಯ ಮೇಲೆ ಏನು ಇಡಬೇಕು ಅನ್ನುವುದೇ ಈ ಇಡೀ ಬರಹದ ವಿಷಯ. ಆದರೆ ಬೇರಿನ ನರವೂ ಸತ್ತಿದ್ದರೆ ಪಲ್ಪೋಟಮಿಗೆ ಅರ್ಥ ಇಲ್ಲ.

ಮನೆಯಲ್ಲೇ ಸುಳಿವು ಸಿಗುತ್ತದೆ. ಸಿಹಿ ತಿಂದಾಗ, ಐಸ್‌ಕ್ರೀಂ ತಿಂದಾಗ, ಊಟ ಸಿಕ್ಕಿಕೊಂಡಾಗ ನೋವು ಬಂದು ಸ್ವಲ್ಪ ಹೊತ್ತಿಗೆ ಹೋದರೆ ನರ ಬಹುತೇಕ ಚೆನ್ನಾಗಿದೆ. ಸುಮ್ನೆ ಕೂತಿದ್ದಾಗ ನೋವು ಬಂದರೆ, ನಡುರಾತ್ರಿ ಮಗು ಎದ್ದು ಕೆನ್ನೆ ಹಿಡಿದುಕೊಂಡು ಅತ್ತರೆ, ವಸಡಿನ ಮೇಲೆ ಮೊಡವೆಯಂಥ ಕೀವಿನ ಗುಳ್ಳೆ ಬಂದರೆ, ಹಲ್ಲು ಅಲ್ಲಾಡಿದರೆ, ಕೆನ್ನೆ ಊದಿದರೆ ನರ ಕೆಟ್ಟಿದೆ ಅಂತ ತಿಳಿಯಿರಿ. ಎಕ್ಸ್‌ರೇಯಲ್ಲಿ ನಾವು ನೋಡುವುದು ಎರಡು ಬೇರುಗಳು ಕವಲೊಡೆಯುವ ಜಾಗವನ್ನು. ಹಾಲುಹಲ್ಲಿನಲ್ಲಿ ಸೋಂಕು ಮೊದಲು ಅಲ್ಲೇ ಕಪ್ಪಾಗಿ ಕಾಣುತ್ತದೆ. ಅಲ್ಲಿ ಕಪ್ಪು ಇದ್ದರೆ ಪಲ್ಪೋಟಮಿ ಮಾತು ಬಿಟ್ಟು ಬೇರುಗಳನ್ನೇ ಸ್ವಚ್ಛ ಮಾಡಬೇಕು, ಇಲ್ಲವೇ ಹಲ್ಲು ತೆಗೆದು ಜಾಗ ಕಾಯುವ ತಂತಿ ಹಾಕಬೇಕು. ಗುಳ್ಳೆ ಇರುವ ಹಲ್ಲಿಗೆ ಯಾರಾದರೂ ಎಂಟಿಎ ಪಲ್ಪೋಟಮಿ ಮಾಡುತ್ತೇವೆ ಅಂದರೆ ಒಂದು ಸಲ ನಿಲ್ಲಿಸಿ ಕೇಳಿ.

ಇನ್ನೊಂದು ದಾರಿಯೂ ಇದೆ, ಜನಕ್ಕೆ ಗೊತ್ತಿಲ್ಲ. ನೋವಿಲ್ಲದ, ಆಳದ ಹುಳುಕಿನಲ್ಲಿ ಕೊನೆಯ ಪದರವನ್ನು ಕೆದಕದೆ ಅಲ್ಲೇ ಬಿಟ್ಟು, ಸುತ್ತಲಿನ ಅಂಚುಗಳನ್ನು ಮಾತ್ರ ಚೊಕ್ಕ ಮಾಡಿ, ಮೇಲೆ ಭದ್ರವಾಗಿ ಮುಚ್ಚಿದರೆ ಒಳಗಿನ ಬ್ಯಾಕ್ಟೀರಿಯಾಗಳಿಗೆ ಆಹಾರ ಸಿಗುವುದಿಲ್ಲ, ಹುಳುಕು ನಿಲ್ಲುತ್ತದೆ. ನರ ತೆರೆಯುವ ಪ್ರಶ್ನೆಯೇ ಬರುವುದಿಲ್ಲ. ನಾನು ಓದುವಾಗ "ಹುಳುಕು ಒಂದು ಚೂರೂ ಬಿಡಬಾರದು" ಅಂತ ಕಲಿತಿದ್ದೆ. ಈಗ ಹಾಗೆ ಮಾಡುವುದಿಲ್ಲ. ನಿಮ್ಮ ಡಾಕ್ಟರ್ "ಸ್ವಲ್ಪ ಹುಳುಕು ಒಳಗೇ ಬಿಟ್ಟು ಮುಚ್ಚಿದ್ದೇನೆ" ಅಂದರೆ ಗಾಬರಿ ಬೇಡ, ಅವರು ಹೊಸ ಪದ್ಧತಿ ಓದಿಕೊಂಡಿದ್ದಾರೆ.

ರಕ್ತ ನಿಲ್ಲುವ ಆ ಐದು ನಿಮಿಷ

ಹರಿಹರದ ಆ ಹುಡುಗನಿಗೆ ರಾತ್ರಿ ನೋವು ಇರಲಿಲ್ಲ, ಎಕ್ಸ್‌ರೇಯಲ್ಲಿ ಬೇರಿನ ಕವಲು ಚೆನ್ನಾಗಿತ್ತು. ಇಂಜೆಕ್ಷನ್ ಕೊಟ್ಟು, ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಹುಳುಕು ತೆಗೆಯುತ್ತಾ ಹೋದಾಗ ಕೆಂಪು ಚುಕ್ಕೆ ಕಾಣಿಸಿತು. ಮೇಲಿನ ನರ ತೆಗೆದು, ಒದ್ದೆ ಹತ್ತಿ ಉಂಡೆ ಇಟ್ಟು ಒತ್ತಿ ಹಿಡಿದು ಗೋಡೆ ಗಡಿಯಾರ ನೋಡಿದೆ. ಮೊದಲ ಉಂಡೆ ಪೂರ್ತಿ ಕೆಂಪು. ಎರಡನೆಯದರಲ್ಲಿ ಮೂರು ಸಣ್ಣ ಕೆಂಪು ಚುಕ್ಕೆ, ಬೇರಿನ ಬಾಯಿಗಳು ಇರುವ ಕಡೆ ಮಾತ್ರ. ಮೂರನೆಯದು ತೆಗೆದಾಗ ತೆಳು ಗುಲಾಬಿ. ಅಷ್ಟರಲ್ಲಿ ಮೂರು ನಿಮಿಷ ಆಗಿತ್ತು.

ಐದು ನಿಮಿಷದೊಳಗೆ ಹೀಗೆ ಬರೀ ಒತ್ತಿದ್ದಕ್ಕೇ ರಕ್ತ ನಿಂತರೆ ಬೇರಿನ ನರ ಆರೋಗ್ಯವಾಗಿದೆ ಅಂತ ಲೆಕ್ಕ. ಕಡುಗೆಂಪು ರಕ್ತ ಒಸರುತ್ತಲೇ ಇದ್ದರೆ ಊತ ಬೇರಿನೊಳಕ್ಕೆ ಇಳಿದಿದೆ. ಇದು ಪಕ್ಕಾ ಪರೀಕ್ಷೆ ಏನಲ್ಲ, ಆದರೆ ಆ ಹೊತ್ತಿನಲ್ಲಿ ನಮ್ಮ ಕೈಯಲ್ಲಿರುವ ಒಳ್ಳೆಯ ಸುಳಿವು ಇದು. ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ಮುಂದೆ ಫೆರಿಕ್ ಸಲ್ಫೇಟ್ ಹತ್ತಿರ ಬಂದಾಗ ಗೊತ್ತಾಗುತ್ತದೆ.

ಫಾರ್ಮೋಕ್ರೆಸಾಲ್: ಹಳೆಯ ಬಾಟಲಿ

ಹಲ್ಲಿನ ಆಸ್ಪತ್ರೆ ಅಂದ ತಕ್ಷಣ ಕೆಲವರಿಗೆ ನೆನಪಾಗುವ ಆ ಘಾಟು ವಾಸನೆಗೆ ಇದೂ ಒಂದು ಕಾರಣ. ಫಾರ್ಮಾಲ್ಡಿಹೈಡ್ 19 ಶೇಕಡಾ, ಕ್ರೆಸಾಲ್ 35 ಶೇಕಡಾ, ಉಳಿದದ್ದು ಗ್ಲಿಸರಿನ್ ಮತ್ತು ನೀರು. ಅಮೆರಿಕದ ಬಕ್ಲಿ ಎನ್ನುವವರು ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಬಳಕೆಗೆ ತಂದದ್ದು. ಹಾಲುಹಲ್ಲಿನ ಪಲ್ಪೋಟಮಿಗೆ 1930ರ ಆಸುಪಾಸಿನಿಂದ ಹತ್ತಾರು ವರ್ಷ ಇದೇ ರಾಜ. ನಾನೂ ಕಾಲೇಜಿನಲ್ಲಿ ಇದರಲ್ಲೇ ಕಲಿತವನು. ಹತ್ತಿ ಉಂಡೆಗೆ ಹಚ್ಚಿ, ಚೆನ್ನಾಗಿ ಹಿಂಡಿ, ನರದ ಬಾಯಿಯ ಮೇಲೆ ಐದು ನಿಮಿಷ. ತೆಗೆದಾಗ ಅಲ್ಲಿ ಕಂದುಗಪ್ಪು ಬಣ್ಣ.

ಇದು ನರವನ್ನು ವಾಸಿ ಮಾಡುವುದಿಲ್ಲ. ಮೇಲಿನ ಭಾಗವನ್ನು ಕೊಳೆಯದ ಹಾಗೆ ಗಟ್ಟಿ ಮಾಡಿ ಇಡುತ್ತದೆ, ಅಂಗರಚನಾ ಲ್ಯಾಬಿನಲ್ಲಿ ಫಾರ್ಮಾಲಿನ್‌ನಲ್ಲಿ ಅಂಗಗಳನ್ನು ಇಡುವ ಹಾಗೆ. ಕೆಲಸ ಮಾತ್ರ ಮಾಡುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ 2017ರ ಮಾರ್ಗಸೂಚಿಯಲ್ಲಿ ಎಂಟಿಎ ಜೊತೆಗೆ ಇದನ್ನೂ ಬಲವಾಗಿಯೇ ಶಿಫಾರಸು ಮಾಡಿತ್ತು.

ಹಾಗಾದರೆ ನಾನು ಯಾಕೆ ಬಿಟ್ಟೆ? 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಫಾರ್ಮಾಲ್ಡಿಹೈಡ್ ಅನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹಲ್ಲಿನಲ್ಲಿ ಇಟ್ಟದ್ದು ರಕ್ತಕ್ಕೆ ಸೇರುತ್ತದೆ ಅಂತ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದಕ್ಕೂ ಮೊದಲೇ ಕಂಡಿತ್ತು. ನ್ಯಾಯವಾಗಿ ಹೇಳಬೇಕೆಂದರೆ ಆ ಕ್ಯಾನ್ಸರ್ ಪುರಾವೆ ಕಾರ್ಖಾನೆ, ಲ್ಯಾಬುಗಳಲ್ಲಿ ವರ್ಷಗಟ್ಟಲೆ ಅದರ ಹಬೆ ಉಸಿರಾಡಿದವರದ್ದು. ಹತ್ತಿ ಉಂಡೆಯಲ್ಲಿ ಹೋಗುವುದು ತೀರಾ ಕಡಿಮೆ. ನಿಮ್ಮ ಮಗುವಿಗೆ ಐದು ವರ್ಷದ ಹಿಂದೆ ಇದನ್ನೇ ಇಟ್ಟಿದ್ದರೆ ರಾತ್ರಿ ನಿದ್ದೆಗೆಡಬೇಡಿ, ಹಲ್ಲು ಕೀಳಿಸಲು ಓಡಬೇಡಿ. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡುವ, ಈ ಅನುಮಾನ ಇಲ್ಲದ ಬೇರೆ ವಸ್ತು ಕೈಯಲ್ಲಿರುವಾಗ, ನಾಲ್ಕು ವರ್ಷದ ಮಗುವಿನ ಬಾಯಲ್ಲಿ ನಾನು ಇದನ್ನು ಇಡುವುದಿಲ್ಲ. ಹಿಂಡುವುದು ಕಡಿಮೆಯಾಗಿ ವಸಡಿಗೆ ಸೋಕಿದರೆ ಸುಡುತ್ತದೆ ಬೇರೆ.

ಕ್ಯಾಲ್ಸಿಯಂ ಹೈಡ್ರಾಕ್ಸೈಡ್: ದೊಡ್ಡವರ ಹಲ್ಲಿಗೆ ಸರಿ, ಇಲ್ಲಿಗೆ ಬೇಡ

ಇದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಒಂಥರಾ ಸುಣ್ಣವೇ ಇದು, ತೀಕ್ಷ್ಣ ಕ್ಷಾರ. ಶಾಶ್ವತ ಹಲ್ಲಿನಲ್ಲಿ ನರದ ಮೇಲೆ ಇಟ್ಟರೆ ಗಟ್ಟಿ ಪದರ ಬೆಳೆಯುತ್ತದೆ, ಆ ಹೆಸರು ಅದಕ್ಕೆ ಚೆನ್ನಾಗಿಯೇ ಇದೆ. ಹಾಲುಹಲ್ಲಿನ ಪಲ್ಪೋಟಮಿಯಲ್ಲಿ ಮಾತ್ರ ಒಳಗಿನಿಂದಲೇ ಬೇರು ಕರಗುವ ತೊಂದರೆ ಮತ್ತೆ ಮತ್ತೆ ಕಂಡಿದೆ. ಹಲ್ಲು ತನ್ನನ್ನು ತಾನೇ ತಿನ್ನಲು ಶುರು ಮಾಡುತ್ತದೆ. ಆ 2017ರ ಮಾರ್ಗಸೂಚಿಯೂ ಇದು ಬೇಡ ಅಂದಿದೆ. ಬೆಲೆ ಕಡಿಮೆ, ಎಲ್ಲ ಕ್ಲಿನಿಕ್ಕಿನ ಕಪಾಟಿನಲ್ಲೂ ಡೈಕಲ್ ಹೆಸರಿನ ಇದರ ಟ್ಯೂಬ್ ಇರುತ್ತದೆ, ಅದಕ್ಕೇ ಕೈ ಅತ್ತ ಹೋಗುತ್ತದೆ. ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದವರಿಗೆ ನನ್ನ ಕೋರಿಕೆ, ಹಾಲುಹಲ್ಲಿನ ತೆರೆದ ನರದ ಮೇಲೆ ಅದನ್ನು ಇಡಬೇಡಿ.

ಫೆರಿಕ್ ಸಲ್ಫೇಟ್: ರಕ್ತ ನಿಲ್ಲಿಸುತ್ತದೆ, ಸುಳಿವನ್ನೂ ಮುಚ್ಚುತ್ತದೆ

ಸಾಮಾನ್ಯವಾಗಿ 15.5 ಶೇಕಡಾ ದ್ರಾವಣ, ಹಚ್ಚುವುದು ಬರೀ 15 ಸೆಕೆಂಡು. ಕಬ್ಬಿಣದ ಅಂಶ ರಕ್ತದ ಪ್ರೋಟೀನ್ ಜೊತೆ ಸೇರಿ ಸಣ್ಣ ರಕ್ತನಾಳಗಳ ಬಾಯಿಗೆ ಬಿರಡೆ ಹಾಕುತ್ತದೆ. ಕಪ್ಪು ಕಂದು ಹೆಪ್ಪು ಕಾಣುತ್ತದೆ, ತೊಳೆದು ಮುಂದಿನ ಕೆಲಸ. ಫಾರ್ಮಾಲ್ಡಿಹೈಡ್ ಇಲ್ಲ, ಬಾಟಲಿ ಅಗ್ಗ, ಮಗು ಕುರ್ಚಿಯಲ್ಲಿ ಕೂರುವ ಹೊತ್ತೂ ಕಡಿಮೆ. ಫಲಿತಾಂಶ ಫಾರ್ಮೋಕ್ರೆಸಾಲ್ ಹತ್ತಿರ ಹತ್ತಿರ.

ಇದರ ಅಪಾಯ ಇದರ ಗುಣದಲ್ಲೇ ಇದೆ. ಮೇಲೆ ಹೇಳಿದೆನಲ್ಲ, ರಕ್ತ ತಾನಾಗಿ ನಿಲ್ಲುವುದೇ ನರ ಚೆನ್ನಾಗಿದೆ ಅನ್ನುವುದಕ್ಕೆ ಸುಳಿವು ಅಂತ. ಇದು ಕೆಟ್ಟ ನರದ ರಕ್ತವನ್ನೂ ನಿಲ್ಲಿಸಿಬಿಡುತ್ತದೆ. ಆಗ ಡಾಕ್ಟರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ, ಎಂಟು ತಿಂಗಳಿಗೆ ವಸಡಿನಲ್ಲಿ ಗುಳ್ಳೆ ಬರುತ್ತದೆ. ಹಾಗಾಗಿ ಮೊದಲು ಬರೀ ಒದ್ದೆ ಹತ್ತಿಯಿಂದ ರಕ್ತ ನಿಂತಿದೆಯಾ ನೋಡಿ, ಆಮೇಲೆ ಇದನ್ನು ಹಚ್ಚಬೇಕು. ಆ ಶಿಸ್ತು ಇದ್ದವರ ಕೈಯಲ್ಲಿ ಇದು ಒಳ್ಳೆಯ ಔಷಧವೇ. ಇದನ್ನು ಹಚ್ಚಿದ ಮೇಲೆ ಸಾಮಾನ್ಯವಾಗಿ ಲವಂಗದ ಎಣ್ಣೆಯ ಅಂಶ ಇರುವ ಜಿಂಕ್ ಆಕ್ಸೈಡ್ ಸಿಮೆಂಟ್ ಇಡುತ್ತಾರೆ. ಆ ಎಣ್ಣೆ ನೇರ ನರಕ್ಕೆ ತಾಗಿದರೆ ಕಿರಿಕಿರಿ ಮಾಡುತ್ತದೆ ಅನ್ನುವ ವಾದವೂ ಇದೆ.

ಸೋಡಿಯಂ ಹೈಪೋಕ್ಲೋರೈಟ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಬಟ್ಟೆ ಬಿಳುಪು ಮಾಡುವ ಬ್ಲೀಚ್‌ನಲ್ಲಿರುವ ರಾಸಾಯನಿಕವೇ ಇದು. ರೂಟ್ ಕೆನಾಲ್ ತೊಳೆಯುವುದಕ್ಕೆ ಪ್ರತಿ ಕ್ಲಿನಿಕ್ಕಿನಲ್ಲೂ ಇರುತ್ತದೆ. ನರದ ಮೇಲ್ಮೈಯ ಕಸ, ಹೆಪ್ಪು ಕರಗಿಸಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಕೆಳಗಿನ ನರಕ್ಕೆ ಅಷ್ಟು ತೊಂದರೆ ಕೊಡುವುದಿಲ್ಲ. ಬೆಲೆ ಇಲ್ಲವೇ ಇಲ್ಲ ಅನ್ನಬಹುದು. ಕೆನ್ನೆ, ನಾಲಿಗೆಗೆ ಚೆಲ್ಲಬಾರದು, ಅದಕ್ಕೆ ರಬ್ಬರ್ ಹಾಳೆ ಇರಲೇಬೇಕು. ಹಳ್ಳಿಯ ಸಣ್ಣ ಕ್ಲಿನಿಕ್ಕಿನಲ್ಲಿ ದುಬಾರಿ ಸಿಮೆಂಟ್ ಇಡಲು ಆಗದಿದ್ದಾಗ ನಾನು ಫಾರ್ಮೋಕ್ರೆಸಾಲ್‌ಗಿಂತ ಇದನ್ನು ಆರಿಸುತ್ತೇನೆ.

ಎಂಟಿಎ: ಒದ್ದೆ ಮರಳಿನಂಥ ಸಿಮೆಂಟ್

ಇಲ್ಲಿಂದ ಮಾತು ಬದಲಾಗುತ್ತದೆ. ಇಲ್ಲಿಯ ತನಕ ಹೇಳಿದವು ನರವನ್ನು ಗಟ್ಟಿ ಮಾಡುವ, ರಕ್ತ ಕಟ್ಟಿಸುವ, ಚೊಕ್ಕ ಮಾಡುವ ವಸ್ತುಗಳು. ಎಂಟಿಎ ಮತ್ತು ಬಯೋಡೆಂಟಿನ್ ಎಂಬ ಸಿಮೆಂಟುಗಳು ನರದ ಮೇಲೆ ಕೂತು, ಕೆಳಗಿನ ಜೀವಂತ ನರ ತಾನೇ ಹೊಸ ಗಟ್ಟಿ ಪದರ ಕಟ್ಟಿಕೊಳ್ಳುವ ಹಾಗೆ ಮಾಡುತ್ತವೆ. ಗಾಯದ ಮೇಲೆ ಹೊಸ ಚರ್ಮ ಬಂದ ಹಾಗೆ.

ಎಂಟಿಎ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ, ಮಹಮೂದ್ ತೊರಾಬಿನೆಜಾದ್ ಅವರ ಕೈಯಲ್ಲಿ, 1990ರ ದಶಕದ ಮೊದಲ ವರ್ಷಗಳಲ್ಲಿ. ಅಮೆರಿಕದ ಔಷಧ ಇಲಾಖೆ 1998ರಲ್ಲಿ ಒಪ್ಪಿಗೆ ಕೊಟ್ಟಿತು. ಇದರ ಮುಖ್ಯ ಭಾಗ, ಸುಮಾರು ಮುಕ್ಕಾಲು ಪಾಲು, ಪೋರ್ಟ್‌ಲ್ಯಾಂಡ್ ಸಿಮೆಂಟ್. ಹೌದು, ಮನೆ ಕಟ್ಟುವ ಸಿಮೆಂಟಿನ ಜಾತಿಯೇ, ಶುದ್ಧ ಮಾಡಿ ನುಣ್ಣಗೆ ಮಾಡಿದ್ದು. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣಲಿ ಅಂತ ಬಿಸ್ಮತ್ ಆಕ್ಸೈಡ್ ಸೇರಿಸಿರುತ್ತಾರೆ. ಇದನ್ನು ಕೇಳಿ ಒಬ್ಬ ಮೇಸ್ತ್ರಿ ಅಪ್ಪ ನನ್ನನ್ನು ಕೇಳಿದ್ದರು, "ಹಂಗಾದ್ರೆ ಕ್ಯೂರಿಂಗ್‌ಗೆ ನೀರು ಬೇಕಲ್ರೀ?" ಬೇಕು! ಅವರು ಹೇಳಿದ್ದು ನೂರಕ್ಕೆ ನೂರು ಸರಿ. ತೇವ ಇದ್ದರೇ ಇದು ಗಟ್ಟಿಯಾಗುವುದು, ಅದಕ್ಕೇ ತೇವ ತುಂಬಿದ ನರದ ಮೇಲೆ ಇಷ್ಟು ಚೆನ್ನಾಗಿ ಕೂರುತ್ತದೆ.

ಗಾಜಿನ ಹಲಗೆ ಮೇಲೆ ಪುಡಿಗೆ ನೀರು ಬೆರೆಸಿದರೆ ಒದ್ದೆ ಮರಳಿನ ಹಾಗಾಗುತ್ತದೆ. ಜಾಸ್ತಿ ನೀರಾದರೆ ಹರಿಯುತ್ತದೆ, ಕಡಿಮೆಯಾದರೆ ಉದುರುತ್ತದೆ. ಸಣ್ಣ ಬಾಯಿ, ನಾಲಿಗೆ ಆಡಿಸುವ ಮಗು, ಆ ಮರಳನ್ನು ಹಲ್ಲಿನೊಳಗೆ ಒಯ್ದು ಒತ್ತುವುದಕ್ಕೆ ತಾಳ್ಮೆ ಬೇಕು. ಮೊದಲು ಬಂದ ಪ್ರೋರೂಟ್ ಬ್ರ್ಯಾಂಡಿನ ಎಂಟಿಎ ಪೂರ್ತಿ ಗಟ್ಟಿಯಾಗಲು ಎರಡೂಮುಕ್ಕಾಲು ಗಂಟೆ. ಮಗು ಅಷ್ಟು ಹೊತ್ತು ಕೂರಬೇಕಿಲ್ಲ, ಮೇಲೆ ಇನ್ನೊಂದು ಸಿಮೆಂಟ್ ಪದರ ಇಟ್ಟು ಅವತ್ತೇ ಕ್ಯಾಪ್ ಹಾಕಿ ಕಳಿಸಬಹುದು. ಬ್ರೆಜಿಲ್‌ನ ಏಂಜೆಲಸ್ ಎಂಟಿಎ ಹದಿನೈದು ನಿಮಿಷದ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಜಮ್ಮುವಿನಲ್ಲಿ ತಯಾರಾಗುವ ಎಂಟಿಎ ಪ್ಲಸ್ ಕೂಡ ಇದೆ.

ದೋಷ ಎರಡು. ಒಂದು ಬೆಲೆ. ಇನ್ನೊಂದು ಬಣ್ಣ: ಹಲ್ಲು ಬೂದು ಬಣ್ಣಕ್ಕೆ ತಿರುಗುತ್ತದೆ, ಬಿಳಿ ಎಂಟಿಎ ಕೂಡ. ಬಿಸ್ಮತ್ ಆಕ್ಸೈಡಿಗೆ ಹೈಪೋಕ್ಲೋರೈಟ್ ತಾಗಿದರಂತೂ ಇನ್ನೂ ಕಪ್ಪು. ಹಿಂದಿನ ಹಲ್ಲಿಗೆ ಸ್ಟೀಲ್ ಕ್ಯಾಪ್ ಹಾಕುವುದಾದರೆ ಬಣ್ಣದ ಚಿಂತೆ ಇಲ್ಲವೇ ಇಲ್ಲ. ಮುಂದಿನ ಹಲ್ಲಿಗೆ ಇದು ಬೇಡ.

ಡಾಕ್ಟರುಗಳಿಗೆ ಒಂದು ಸಣ್ಣ ವಿಷಯ. ಪೊಟ್ಟಣ ಒಡೆದ ಮೇಲೆ ಗಾಳಿಯ ತೇವಕ್ಕೇ ಪುಡಿ ಗಟ್ಟಿಯಾಗುತ್ತದೆ. ದಾವಣಗೆರೆಯ ಒಣ ಹವೆಯಲ್ಲಿ ಹೇಗೋ ನಡೆಯುತ್ತದೆ, ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿ ಇಲ್ಲದಿದ್ದರೆ ಉಳಿದದ್ದನ್ನು ಎಸೆಯಬೇಕಾಗುತ್ತದೆ.

ಬಯೋಡೆಂಟಿನ್: ಹನ್ನೆರಡು ನಿಮಿಷ

ಫ್ರಾನ್ಸಿನ ಸೆಪ್ಟೊಡಾಂಟ್ ಕಂಪನಿಯ ವಸ್ತು. ಇದೂ ಎಂಟಿಎ ಹಾಗೆಯೇ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟಿನ ಜಾತಿ. ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್ ಇದೆ, ಹಾಗಾಗಿ ಹಲ್ಲು ಅಷ್ಟಾಗಿ ಕಪ್ಪಾಗುವುದಿಲ್ಲ. ದ್ರವದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುವುದರಿಂದ ಬೇಗ ಗಟ್ಟಿಯಾಗುತ್ತದೆ. ಕ್ಯಾಪ್ಸೂಲಿನ ಪುಡಿಗೆ ಐದು ಹನಿ ದ್ರವ, ಯಂತ್ರದಲ್ಲಿ 30 ಸೆಕೆಂಡು ಅಲುಗಾಡಿಸಿದರೆ ಕೆನೆಯಂಥ ಗಟ್ಟಿ ಮುದ್ದೆ. ಸುಮಾರು 12 ನಿಮಿಷಕ್ಕೆ ಕಲ್ಲು. ನರದ ಮೇಲೂ ಇದೇ, ಮೇಲಿನ ಗುಳಿ ತುಂಬುವುದಕ್ಕೂ ಇದೇ, ಎರಡು ವಸ್ತು ಬೇಕಿಲ್ಲ. ಕೈಗೆ ಎಂಟಿಎಗಿಂತ ಎಷ್ಟೋ ಸಲೀಸು.

ಒಂದು ಕೊರತೆ, ಎಕ್ಸ್‌ರೇಯಲ್ಲಿ ಇದು ಹಲ್ಲಿನ ಬಣ್ಣದಲ್ಲೇ ಕಾಣುತ್ತದೆ, ಎಲ್ಲಿ ಸಿಮೆಂಟ್ ಎಲ್ಲಿ ಹಲ್ಲು ಅಂತ ಬೇರ್ಪಡಿಸಿ ನೋಡುವುದು ಕಷ್ಟ. ಇನ್ನೊಂದು, ಕ್ಯಾಪ್ಸೂಲ್ ಒಡೆದರೆ ಅವತ್ತೇ ಬಳಸಬೇಕು, ಮಿಕ್ಕಿದ್ದು ದಂಡ. ಮಗುವಿಗೆ ಎರಡು ಹಲ್ಲಿಗೆ ಪಲ್ಪೋಟಮಿ ಬೇಕಿದ್ದರೆ ಒಂದೇ ಸಲಕ್ಕೆ ಮಾಡಿಸಿ, ಒಂದೇ ಕ್ಯಾಪ್ಸೂಲಿನಲ್ಲಿ ಎರಡೂ ಆಗುತ್ತದೆ. ಖರ್ಚು ಕಡಿಮೆ ಮಾಡಲು ಸಾಧ್ಯವಾ ಅಂತ ಸಂಕೋಚ ಇಲ್ಲದೆ ಕೇಳಿ.

ಎಂಟಿಎ, ಬಯೋಡೆಂಟಿನ್ ಎರಡರಲ್ಲಿ ಯಾವುದು? ಹಿಂದಿನ ಹಲ್ಲಿಗೆ ಎರಡೂ ಒಂದೇ ಅಂತ ನಾನು ಹೇಳುತ್ತೇನೆ. ನಿಮ್ಮ ಡಾಕ್ಟರಿಗೆ ಯಾವುದು ಕೈ ಕುದುರಿದೆಯೋ ಅದು. 2018ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು ಹಾಲುಹಲ್ಲಿನ ನರದ ಚಿಕಿತ್ಸೆ ಬಗ್ಗೆ ನಡೆದ 87 ಪ್ರಯೋಗಗಳನ್ನು, ಒಟ್ಟು 7140 ಹಲ್ಲುಗಳನ್ನು, ಒಟ್ಟಿಗೆ ಇಟ್ಟು ನೋಡಿದರು. ಪಲ್ಪೋಟಮಿಗೆ ಎಂಟಿಎ ಎಲ್ಲಕ್ಕಿಂತ ಮುಂದೆ ಕಂಡಿತು. ಅದು ಸಿಗದ ಕಡೆ ಬಯೋಡೆಂಟಿನ್‌ನಂಥವು, ಯಾವುದೂ ಸಿಗದಿದ್ದರೆ ಹೈಪೋಕ್ಲೋರೈಟ್ ಸುರಕ್ಷಿತ ಆಯ್ಕೆ ಆಗಬಹುದು ಅಂದರು. ನನ್ನ ಕುರ್ಚಿಯಲ್ಲಿ ಮಗು ಚಡಪಡಿಸುವವನಾದರೆ ಬಯೋಡೆಂಟಿನ್, ಸುಮ್ಮನೆ ಕೂರುವವನಾದರೆ ಯಾವುದಾದರೂ ಸರಿ. ಹರಿಹರದ ಹುಡುಗನಿಗೆ ಬಯೋಡೆಂಟಿನ್ ಇಟ್ಟೆ.

ದುಡ್ಡು ಕಡಿಮೆ ಇದ್ದರೆ ಎಲ್ಲಿ ಉಳಿಸಬೇಕು

ಇದು ನಾನು ಎಲ್ಲರಿಗೂ ಹೇಳಬೇಕು ಅಂದುಕೊಂಡ ಮುಖ್ಯ ವಿಷಯ. ಔಷಧದಲ್ಲಿ ಉಳಿಸಿ, ಕ್ಯಾಪ್‌ನಲ್ಲಿ ಉಳಿಸಬೇಡಿ.

ಎರಡು ವರ್ಷದ ಹಿಂದೆ ಚನ್ನಗಿರಿ ಕಡೆಯ ಒಂದು ಹೆಣ್ಣುಮಗು ಬಂದಿತ್ತು. ಬೇರೆ ಕಡೆ ಎಂಟಿಎ ಪಲ್ಪೋಟಮಿ ಮಾಡಿಸಿ, ಸಾಕಷ್ಟು ದುಡ್ಡು ಖರ್ಚು ಮಾಡಿ, ಮೇಲೆ ಬರೀ ಫಿಲ್ಲಿಂಗ್ ಹಾಕಿಸಿದ್ದರು. "ಕ್ಯಾಪ್ ಆಮೇಲೆ ಹಾಕಿಸೋಣ" ಅಂತ ಬಿಟ್ಟಿದ್ದರಂತೆ. ಒಂದು ಗೋಡೆ ಸೀಳಿ ಫಿಲ್ಲಿಂಗ್ ಅರ್ಧ ಹೋಗಿತ್ತು, ಒಳಗೆ ಎಂಟಿಎ ಕಾಣುತ್ತಿತ್ತು, ಅದರ ಸುತ್ತ ಎಂಜಲು, ಅನ್ನದ ಅಗಳು. ವಸಡಿನಲ್ಲಿ ಗುಳ್ಳೆ. ಆ ಹಲ್ಲನ್ನು ನಾನು ಕಿತ್ತೆ. ಎಂಟಿಎ ಸೋತಿದ್ದಲ್ಲ ಅಲ್ಲಿ, ಛಾವಣಿ ಇಲ್ಲದ ಮನೆಯಾಗಿತ್ತು.

ನರದ ಕೋಣೆ ತೆರೆದ ಹಲ್ಲು ಒಳಗೆ ಟೊಳ್ಳು, ಗೋಡೆಗಳು ತೆಳು. ಸ್ಟೀಲ್ ಕ್ಯಾಪ್ ಎಲ್ಲ ಕಡೆಯಿಂದ ಅಪ್ಪಿ ಹಿಡಿಯುತ್ತದೆ, ಒಳಕ್ಕೆ ಎಂಜಲು ನುಗ್ಗಲು ಬಿಡುವುದಿಲ್ಲ. 1950ರಿಂದ ಮಕ್ಕಳ ಹಲ್ಲಿಗೆ ಬಳಸುತ್ತಿರುವ, ಚೆನ್ನಾಗಿ ಪಳಗಿದ ವಸ್ತು ಅದು. ಅಳತೆ ನೋಡಿ ರೆಡಿಮೇಡ್ ಕ್ಯಾಪ್ ತೆಗೆದು, ಅಂಚು ಒಳಕ್ಕೆ ಬಗ್ಗಿಸಿ ಒತ್ತಿದಾಗ ಟಕ್ ಅಂತ ಕೂರುತ್ತದೆ. ಆ ಶಬ್ದ ಕೇಳಿದರೆ ನನಗೆ ಸಮಾಧಾನ. ಹಾಗಾಗಿ ಕೈಯಲ್ಲಿ ಇಷ್ಟೇ ದುಡ್ಡು ಅಂದರೆ, ಎಂಟಿಎ ಮೇಲೆ ಬರೀ ಫಿಲ್ಲಿಂಗ್ ಹಾಕಿಸುವುದಕ್ಕಿಂತ, ಫೆರಿಕ್ ಸಲ್ಫೇಟ್ ಅಥವಾ ಹೈಪೋಕ್ಲೋರೈಟ್ ಹಚ್ಚಿಸಿ ಅವತ್ತೇ ಸ್ಟೀಲ್ ಕ್ಯಾಪ್ ಹಾಕಿಸುವುದನ್ನು ನಾನು ಆರಿಸುತ್ತೇನೆ.

ಬಿಳಿ ಜಿರ್ಕೋನಿಯಾ ಕ್ಯಾಪ್ ನೋಡಲು ಚೆಂದ, ನಿಜ. ಆದರೆ ಹಲ್ಲನ್ನು ಜಾಸ್ತಿ ಅರೆಯಬೇಕು, ಬಗ್ಗಿಸಿ ಹೊಂದಿಸಲು ಆಗುವುದಿಲ್ಲ, ದುಡ್ಡೂ ಜಾಸ್ತಿ. ಮುಂದಿನ ಹಲ್ಲಿಗೆ ಹಾಕಿಸಿ. ಹಿಂದಿನದಕ್ಕೆ ಬೇಕೇ ಬೇಕು ಅಂತಿಲ್ಲ. ಮಕ್ಕಳೇನೂ ಬೇಜಾರು ಮಾಡಿಕೊಳ್ಳುವುದಿಲ್ಲ, "ನಂದು ಬೆಳ್ಳಿ ಹಲ್ಲು" ಅಂತ ಶಾಲೆಯಲ್ಲಿ ತೋರಿಸಿಕೊಂಡು ಬರುತ್ತಾರೆ.

ಖಾಸಗಿ ಕ್ಲಿನಿಕ್ ಖರ್ಚು ಆಗುವುದೇ ಇಲ್ಲ ಅನ್ನುವವರು ಹತ್ತಿರದ ಡೆಂಟಲ್ ಕಾಲೇಜಿನ ಮಕ್ಕಳ ವಿಭಾಗಕ್ಕೆ ಹೋಗಿ. ನಮ್ಮ ರಾಜ್ಯದಲ್ಲಿ ಡೆಂಟಲ್ ಕಾಲೇಜುಗಳಿಗೆ ಬರ ಇಲ್ಲ. ಎಂಡಿಎಸ್ ಓದುವ ಹುಡುಗ ಹುಡುಗಿಯರು, ಮೇಲೆ ಪ್ರೊಫೆಸರ್ ನಿಂತು ನೋಡುವಾಗ, ನಿಧಾನವಾಗಿ ಅಚ್ಚುಕಟ್ಟಾಗಿ ಮಾಡುತ್ತಾರೆ. ಒಂದೆರಡು ಸಲ ಓಡಾಡಬೇಕು, ಅರ್ಧ ದಿನ ಕಾಯಬೇಕು ಅಷ್ಟೇ.

ಕುರ್ಚಿಗೆ ಕೂರಿಸುವ ಮೊದಲು ಕೇಳಬೇಕಾದ್ದು

ಬೇರು ಕವಲೊಡೆಯುವ ಜಾಗ ಎಕ್ಸ್‌ರೇಯಲ್ಲಿ ತೋರಿಸಿ ಅಂತ ಕೇಳಿ. ನರದ ಮೇಲೆ ಏನು ಇಡುತ್ತೀರಿ, ರಕ್ತ ನಿಲ್ಲದಿದ್ದರೆ ಏನು ಮಾಡುತ್ತೀರಿ, ಕ್ಯಾಪ್ ಅವತ್ತೇ ಹಾಕುತ್ತೀರಾ ಅಂತ ಕೇಳಿ. ಇವುಗಳಿಗೆ ಸಿಡುಕದೆ ಉತ್ತರ ಕೊಡುವವರ ಹತ್ತಿರ ಯಾವ ಔಷಧ ಇದ್ದರೂ ಮಗು ಬಹುತೇಕ ಒಳ್ಳೆಯ ಕೈಯಲ್ಲಿದೆ. "ರಕ್ತ ನಿಲ್ಲದಿದ್ದರೆ ಪ್ಲಾನ್ ಬದಲಾಗುತ್ತೆ, ಖರ್ಚೂ ಬದಲಾಗುತ್ತೆ" ಅಂತ ಮೊದಲೇ ಹೇಳಿದರೆ ಅದು ಪ್ರಾಮಾಣಿಕ ಮಾತು, ಅನುಮಾನ ಪಡಬೇಡಿ.

ಚಿಕಿತ್ಸೆ ಆದ ದಿನ ಇಂಜೆಕ್ಷನ್ ಮರಗಟ್ಟಿದ್ದು ಇಳಿಯುವ ತನಕ ಎರಡು ಮೂರು ಗಂಟೆ ಊಟ ಕೊಡಬೇಡಿ, ತುಟಿ ಕೆನ್ನೆ ಕಚ್ಚಿಕೊಂಡು ಊದಿಸಿಕೊಳ್ಳುತ್ತವೆ ಮಕ್ಕಳು. ಮೊದಲ ದಿನ ಅಗಿದರೆ ಸ್ವಲ್ಪ ನೋವು ಇರಬಹುದು, ಕ್ಯಾಪ್ ಎತ್ತರ ಅನ್ನಿಸಬಹುದು, ಅದು ಕೆಲವೇ ದಿನದಲ್ಲಿ ಹೊಂದಿಕೊಳ್ಳುತ್ತದೆ. ಚಿಕ್ಕಿ, ಅಂಟು ಮಿಠಾಯಿ ಬೇಡ. ರಾತ್ರಿ ಮಲಗುವಾಗ ಸಕ್ಕರೆ ಹಾಕಿದ ಹಾಲಿನ ಬಾಟಲಿ ಕೊಡುವ ಅಭ್ಯಾಸ ಇದ್ದರೆ ಅದನ್ನು ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಇದೇ ಮಗು ಪಕ್ಕದ ಹಲ್ಲಿಗೆ ಮತ್ತೆ ಬರುತ್ತದೆ.

ಆರು ತಿಂಗಳಿಗೊಮ್ಮೆ ತೋರಿಸಿ, ನೋವಿಲ್ಲದಿದ್ದರೂ. ಪಲ್ಪೋಟಮಿ ಸೋಲುವಾಗ ಎಷ್ಟೋ ಸಲ ಸದ್ದಿಲ್ಲದೆ ಸೋಲುತ್ತದೆ, ಮೊದಲು ಎಕ್ಸ್‌ರೇಯಲ್ಲಿ ಮಾತ್ರ ಕಾಣುತ್ತದೆ. ಕೆಳಗೆ ಶಾಶ್ವತ ಹಲ್ಲಿನ ಮೊಳಕೆ ಬೇರುಗಳ ನಡುವೆಯೇ ಬೆಳೆಯುತ್ತಿರುತ್ತದೆ, ಅಲ್ಲಿ ಕೀವು ನಿಂತರೆ ಆ ಹೊಸ ಹಲ್ಲಿನ ಮೇಲ್ಪದರ ಕಲೆ ಬಿದ್ದು ಬರುತ್ತದೆ. ಹರಿಹರದ ಆ ತಾಯಿಗೆ ಮುಂದಿನ ಎಕ್ಸ್‌ರೇಯ ದಿನವನ್ನು ಅವರದೇ ಫೋನಿನಲ್ಲಿ ಬರೆಸಿ ಕಳಿಸಿದ್ದೇನೆ.